ಉಪ್ಪು ಹಿಡಿಯದ ಮಾಂಸ

ಅಣ್ಣ ಊರು ಬಿಡುವ ಹಿಂದಿನ ದಿನ ಮನೆಯಲ್ಲಿ ಒಂದು ಹಂದಿ ಕೊಯ್ದಿದ್ದೆವು. ಗಂಗಾವತಿಯ ಅಂಚಿನಲ್ಲಿ ನಮ್ಮ ಓಣಿ. ಹಂದಿ ಸಾಕುವುದೇ ನಮ್ಮ ಮನೆತನದ ಕಸುಬು. ಕೊಯ್ಯುವ ದಿನ ಹಂದಿಯನ್ನು ಯಾರೂ ಬೆದರಿಸಬಾರದು, ಓಡಿಸಬಾರದು, ಅದರ ಮುಂದೆ ದನಿ ಏರಿಸಿ ಮಾತಾಡಲೂಬಾರದು ಎಂಬುದು ಅವ್ವನ ಕಟ್ಟು. ಅಣ್ಣ ಬೇವಿನ ನೆರಳಿನಲ್ಲಿ ಕೂತು ಅದರ ಹೊಟ್ಟೆ ಕೆರೆಯುತ್ತಿದ್ದ. ಅದು ಕಾಲು ಚಾಚಿ ಮಲಗುತ್ತಿತ್ತು. ಹಾಗೆ ಮಲಗಿದ್ದಾಗಲೇ ಅಪ್ಪ ಕೆಲಸ ಮುಗಿಸುತ್ತಿದ್ದ.

ಅಂಥ ಹಂದಿಯ ತೊಡೆಯ ಮಾಂಸ ತಿಳಿಗೆಂಪಾಗಿ ಗಟ್ಟಿಯಾಗಿರುತ್ತಿತ್ತು. ಅವ್ವ ಹೆಬ್ಬೆರಳಿನಿಂದ ಒತ್ತಿ ನೋಡಿ, ಉದ್ದಕ್ಕೆ ಸೀಳಿ, ಉಪ್ಪು ಅರಿಶಿನ ತಿಕ್ಕಿ ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಿದ್ದಳು. ಹೊಗೆಯಲ್ಲಿ ಒಣಗಿದ್ದು ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಆ ದಿನದ ಮಾಂಸವೆಲ್ಲ ಮರಳಿ ಊರಿನ ಒಂದು ಮದುವೆ ಮನೆಗೆ ಹೋಯಿತು. ಅಣ್ಣನ ಬುತ್ತಿಗೆ ಕಟ್ಟಲು ಏನೂ ಉಳಿಯಲಿಲ್ಲ.

ಅವನು ಹೊರಟಿದ್ದು ಮುನಿರಾಬಾದಿನ ಕಡೆಗೆ. ಅಲ್ಲಿ ಹೊಳೆಗೆ ಅಣೆಕಟ್ಟು ಕಟ್ಟುತ್ತಿದ್ದರು. ಕಲ್ಲು ಹೊರುವವರು ಬೇಕಾಗಿದ್ದರು.

"ನೀ ಹೋದಮ್ಯಾಲ ಹಂದಿ ಹೊಟ್ಟಿ ಯಾರು ಕೆರಿತಾರೋ?" ಎಂದು ಅವ್ವ ಕೇಳಿದಳು.

ಅಣ್ಣ ನನ್ನ ಕಡೆ ಗದ್ದ ಚಾಚಿ, "ಇವಗೊಂದು ಲಗ್ನ ಮಾಡ ಬೇ ಯವ್ವಾ. ಬಂದಾಕಿ ಹಂದಿದೂ ಕೆರಿತಾಳ, ಇವಂದೂ ಕೆರಿತಾಳ" ಎಂದ. ಅಪ್ಪ ಉಣ್ಣುತ್ತಿದ್ದವನು ಕೆಮ್ಮುವಷ್ಟು ನಕ್ಕ.

ಚಳಿ ಬೀಳುವ ಹೊತ್ತಿಗೆ, ಅಣ್ಣನ ಜೊತೆಗೇ ಕೆಲಸಕ್ಕೆ ಹೋಗಿದ್ದ ನಮ್ಮ ಓಣಿಯ ಒಬ್ಬ ರಜೆಗೆ ಬಂದ. ಅಲ್ಲಿಯ ಊಟ ಅಣ್ಣನಿಗೆ ಸೇರುತ್ತಿಲ್ಲ, ಸೊರಗಿದ್ದಾನೆ, ಮನೆಯ ಒಣ ಮಾಂಸ ಕಳಿಸಲು ಹೇಳಿದ್ದಾನೆ ಎಂದ. ಅವನು ತಿರುಗಿ ಹೋಗುವುದರೊಳಗೆ ಕಟ್ಟಿಕೊಡಬೇಕೆಂದು ಅವ್ವ ಕೂಡಲೇ ಹಂದಿ ಆರಿಸಿದಳು. ಅಣ್ಣನ ಕೈಯಲ್ಲಿ ಬೆಳೆದ ಹಂದಿ ಅದು. ನಾನು ಬೇವಿನ ಕೆಳಗೆ ಕೂತು ಹೊಟ್ಟೆ ಕೆರೆದೆ. ಅದು ಎದ್ದು ನಿಂತಿತು. ಮತ್ತೆ ಕೈ ಹಾಕಿದೆ. ಹಗ್ಗ ಕಿತ್ತುಕೊಂಡು ಓಡಿತು. ನಾಯಿಗಳು ಬೆನ್ನು ಹತ್ತಿದವು. ಓಣಿಯೆಲ್ಲ ಅಟ್ಟಿಸಿ ಹಿಡಿಯುವಷ್ಟರಲ್ಲಿ ಅದರ ಬಾಯಲ್ಲಿ ನೊರೆ ಬಂದಿತ್ತು. ಅಪ್ಪ ಅಲ್ಲೇ ಕೊಯ್ದ.

ತೊಡೆಯ ಮಾಂಸ ಕಪ್ಪಾಗಿ, ಬೆರಳಿಗೆ ಅಂಟುತ್ತಿತ್ತು. ಅವ್ವ ಒತ್ತಿ ನೋಡಿ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಓಡಿ ಓಡಿ ಸತ್ತೈತಿ. ಇದು ಉಪ್ಪು ಹಿಡಿಯೂದಿಲ್ಲ."

ಬೇರೆ ದಿನವಾಗಿದ್ದರೆ ಅದನ್ನು ಅಂದೇ ಬೇಯಿಸಿ ಓಣಿಗೆ ಹಂಚುತ್ತಿದ್ದಳು. ಅಂದು ಹಾಗೆ ಮಾಡಲಿಲ್ಲ. ಎರಡರಷ್ಟು ಉಪ್ಪು ತಿಕ್ಕಿ ಹಗ್ಗಕ್ಕೆ ಹಾಕಿದಳು. ಕೆಲವೇ ದಿನಗಳಲ್ಲಿ ಅಡುಗೆಮನೆ ನಾರತೊಡಗಿತು. ಯಾರಿಗೂ ಮುಟ್ಟಗೊಡದೆ ತಾನೇ ಇಳಿಸಿ ತಿಪ್ಪೆಯಲ್ಲಿ ಹೂತಳು. ಓಣಿಯವನು ಬರಿಗೈಯಲ್ಲಿ ಹೊರಟಾಗ, ಮುಂದಿನ ಹಂದಿಯದು ತಪ್ಪದೇ ಕಳಿಸುತ್ತೇನೆಂದು ಮಗನಿಗೆ ಹೇಳಿ ಕಳಿಸಿದಳು.

ಮುಂದಿನ ಹಂದಿ ಕೊಯ್ಯುವ ಮೊದಲೇ ಆ ಓಣಿಯವನು ತಿರುಗಿ ಬಂದ. ಕೋಲು ಊರಿಕೊಂಡು ಬಂದಿದ್ದ. ಕೆಲಸದ ಜಾಗದಲ್ಲಿ ಚಳಿಜ್ವರ ಬಂದು ಭಾಳ ಮಂದಿ ಹೋದರೆಂದ. ಅವರಲ್ಲಿ ಅಣ್ಣನೂ ಒಬ್ಬ. ಮಣ್ಣು ಮಾಡುವಾಗ ತಾನೂ ಜ್ವರದಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದೆ, ಏನನ್ನೂ ಕಾಣಲಿಲ್ಲ ಎಂದ.

ಅಪ್ಪನೂ ನಾನೂ ಹೊಳೆಯ ದಂಡೆಗೆ ಹೋಗಿ ಕಂಡವರನ್ನೆಲ್ಲ ಕೇಳಿದೆವು. ಒಬ್ಬರು ತೋರಿಸಿದ ಜಾಗವನ್ನು ಇನ್ನೊಬ್ಬರು ಅಲ್ಲವೆನ್ನುತ್ತಿದ್ದರು. ಎಲ್ಲ ಕಡೆಯೂ ಹೊಸದಾಗಿ ಅಗೆದ ಮಣ್ಣೇ ಇತ್ತು.

ಮನೆಯ ಒಂದು ತುತ್ತೂ ಅವನಿಗೆ ಮುಟ್ಟಲಿಲ್ಲ. ಅವನನ್ನು ಎಲ್ಲಿ ಹೂಳಿದರೋ ನಮಗೆ ಇಂದಿಗೂ ಗೊತ್ತಿಲ್ಲ.