ಭತ್ತದ ಕಣದಲ್ಲಿ ಕಲಿತ ಹಾಕಿ

ಕಾಲಿಗೆ ಚಕ್ರ ಕಟ್ಟಿಕೊಂಡು ಆಡುವ ಹಾಕಿಯೂ ಒಂದಿದೆ ಎಂದು ನಿಟ್ಟುವಳ್ಳಿಯ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನಾನು ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಹೈಸ್ಕೂಲಿಗೆ ಹೊಸದಾಗಿ ಬಂದ ಪಿ.ಟಿ. ಮೇಡಂ ಹುಡುಗಿಯರ ರೋಲರ್ ಹಾಕಿ ತಂಡ ಕಟ್ಟಲು ಹೊರಟರು. ಒಬ್ಬಳು ಕಡಿಮೆ ಬಿದ್ದಳು. ಎತ್ತರವಾಗಿದ್ದೇನೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಎಳೆದುಕೊಂಡರು. ಶಾಲೆಯ ಸ್ಕೇಟ್ಸ್ ನನಗೆ ದೊಡ್ಡದು; ಮುಂದೆ ಬಟ್ಟೆ ತುರುಕಿಕೊಂಡೆ. ಮೊದಲ ಪಂದ್ಯದಲ್ಲಿ ಚೆಂಡು ಮುಟ್ಟಿದ್ದಕ್ಕಿಂತ ನೆಲ ಮುಟ್ಟಿದ್ದೇ ಹೆಚ್ಚು. ಆದರೂ ಬಿದ್ದ ಜಾಗದಿಂದಲೇ ಕೋಲು ಚಾಚಿ ಒಂದು ಗೋಲು ಹೊಡೆದೆ. ಅಂದಿನಿಂದ ಹುಚ್ಚು ಹಿಡಿಯಿತು.

ಒಂಬತ್ತನೇ ತರಗತಿಯ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ನನ್ನಷ್ಟು ಗೋಲು ಹೊಡೆದ ಹುಡುಗಿ ಇರಲಿಲ್ಲ. ಆದರೆ ಹತ್ತನೇ ತರಗತಿ ಶುರುವಾಗುತ್ತಿದ್ದಂತೆ, ಆಟೋ ಓಡಿಸುವ ನನ್ನಪ್ಪ ಸ್ಕೇಟ್ಸ್ ಚೀಲವನ್ನು ಅಟ್ಟಕ್ಕೆ ಹಾಕಿದ.

"ಎಸ್ಸೆಸ್ಸೆಲ್ಸಿ ಐತೆ. ಈ ವರ್ಷ ಆಟ ಬ್ಯಾಡ" ಎಂದ.

ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಹರಿಹರದಿಂದ ಅಪ್ಪನ ಅಕ್ಕ, ನನ್ನ ಅತ್ತೆ, ಬಂದಳು. ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊಲಿಯುವ ಕೆಲಸ ಅವಳದು. ಮನೆಯೂ ಗಿರಣಿಯ ಕಾಂಪೌಂಡಿನೊಳಗೇ. ಅಪ್ಪ ಜಗತ್ತಿನಲ್ಲಿ ಯಾರಿಗಾದರೂ ಎದುರಾಡದಿದ್ದರೆ ಅದು ಅವಳೊಬ್ಬಳಿಗೇ.

"ಭಾನುವಾರ ಭಾನುವಾರ ಹುಡುಗೀನ ನನ್ನ ಹತ್ರ ಕಳಿಸು. ಅಲ್ಲಿ ಗಲಾಟೆ ಇಲ್ಲ, ಕುಂತು ಓದ್ಲಿ" ಎಂದಳು ಅಪ್ಪನಿಗೆ. ಅಪ್ಪ ಅತ್ತ ಹೋದಮೇಲೆ ನನ್ನ ಕಿವಿಯಲ್ಲಿ, "ಅಟ್ಟದ ಮ್ಯಾಲಿನ ಆ ಚೀಲಾನೂ ತಗಂಬಾ" ಎಂದಳು.

ಗಿರಣಿಯ ಹಿಂದೆ ಭತ್ತ ಒಣಗಿಸುವ ಸಿಮೆಂಟಿನ ಕಣವಿತ್ತು. ಹೊಸ ಭತ್ತ ಬರುವವರೆಗೆ ಖಾಲಿ. ಅಷ್ಟು ಅಗಲದ, ಅಷ್ಟು ನುಣ್ಣನೆಯ ನೆಲವನ್ನು ನಾನು ನೋಡಿಯೇ ಇರಲಿಲ್ಲ. ಬೆಳಗಿನ ಪ್ಯಾಸೆಂಜರ್ ರೈಲಿಗೆ ಹೋಗಿ, ಹತ್ತು ಗಂಟೆಯವರೆಗೆ ಆಡಿ, ಆಮೇಲೆ ನಿಜವಾಗಿಯೂ ಓದುತ್ತಿದ್ದೆ. ಗೋಲು ಕಾಯಲು ಯಾರೂ ಇಲ್ಲ ಎಂದದ್ದಕ್ಕೆ ಅತ್ತೆ ಸೀರೆ ಎತ್ತಿ ಕಟ್ಟಿ, ಮೊಣಕಾಲವರೆಗೆ ಗೋಣಿತಟ್ಟು ಸುತ್ತಿಕೊಂಡು, ಭತ್ತ ಹರವುವ ಉದ್ದ ಕೋಲಿನ ಹಲಗೆ ಹಿಡಿದು ಎರಡು ಚೀಲಗಳ ನಡುವೆ ನಿಂತಳು.

"ಹೊಡಿ ನೋಡಾನ."

ನಾನು ಹೊಡೆದ ಹತ್ತರಲ್ಲಿ ಎಂಟನ್ನು ತಡೆದಳು! ನನಗೆ ಅಳುವೇ ಬಂತು.

"ಹೆಂಗೆ ಗೊತ್ತಾಗುತ್ತೆ ಅತ್ತೆ, ಎಲ್ಲಿ ಹೊಡಿತೀನಿ ಅಂತ?"

"ಚೀಲ ಹೊತ್ತು ಬರೋ ಹಮಾಲರ ಮಕ ಕಾಣಲ್ಲ. ಕಾಲು ನೋಡೇ ನಾವು ದಾರಿ ಬಿಡೋದು. ನೀನೂ ನನ್ನ ಕಣ್ಣು ನೋಡಬ್ಯಾಡ, ಕಾಲು ನೋಡು. ಯಾವ ಕಾಲ ಮ್ಯಾಲೆ ಭಾರ ಐತೋ ಆ ಕಾಲು ಬೇಗ ಏಳಲ್ಲ."

ಆ ಮಾತು ಮೈಗಿಳಿಯಲು ಮೂರು ತಿಂಗಳು ಹಿಡಿಯಿತು. ಕಣಕ್ಕೆ ಹೊಸ ಭತ್ತ ಬರುವ ಮುಂಚಿನ ಕೊನೆಯ ಭಾನುವಾರ ಹತ್ತರಲ್ಲಿ ಏಳು ಚೆಂಡು ಅವಳನ್ನು ದಾಟಿ ಹೋದವು. ಹಲಗೆ ಬಿಸಾಕಿ ನಕ್ಕಳು.

ಅಂತರಜಿಲ್ಲಾ ಪಂದ್ಯಗಳು ಆ ವರ್ಷ ನಮ್ಮೂರಲ್ಲೇ ನಡೆದವು, ಎಸ್.ಎಸ್. ಬಡಾವಣೆಯ ಸ್ಕೇಟಿಂಗ್ ರಿಂಕಿನಲ್ಲಿ. ಅಪ್ಪನಿಗೆ ಹೇಳದೆಯೇ ನಾನು ನಮ್ಮ ಜಿಲ್ಲೆಯ ತಂಡದಲ್ಲಿ ಆಡಿದೆ. ಫೈನಲಿಗೆ ಮುಂಚೆ ಪಿ.ಟಿ. ಮೇಡಂ ಅಪ್ಪನಿಗೆ ಫೋನು ಮಾಡಿ ಮಗಳ ಆಟ ನೋಡಲು ಕರೆದರು. ನನ್ನ ಗುಟ್ಟೆಲ್ಲ ಬಯಲಾಯಿತು. ಅಪ್ಪ ಬಂದ, ಸಿಟ್ಟಿನ ಮುಖ ಹೊತ್ತೇ ಬಂದು, ಹರಿಹರದಿಂದ ಆಗಲೇ ಬಂದಿದ್ದ ಅತ್ತೆಯ ಪಕ್ಕ ಕೂತ.

ಮೊದಲರ್ಧದಲ್ಲೇ ಎರಡು ಗೋಲು ಬಿಟ್ಟುಕೊಟ್ಟೆವು. ಎದುರಿನವರು ಗಾಳಿಯಂತಿದ್ದರು. ಬಿಡುವಿನಲ್ಲಿ ಮೇಡಂ ನೀರು ಕೊಟ್ಟರು. ದ್ವಿತೀಯಾರ್ಧದಲ್ಲಿ ನಾನೊಂದು ಹೊಡೆದೆ. ಹದಡಿಯಿಂದ ಬರುತ್ತಿದ್ದ ನನ್ನ ಗೆಳತಿ ಇನ್ನೊಂದು ಹೊಡೆದಳು. ಸಮ. ಒಂದು ನಿಮಿಷವೂ ಉಳಿದಿಲ್ಲದಾಗ ಚೆಂಡು ನನ್ನ ಕೋಲಿಗೆ ಸಿಕ್ಕಿತು. ಮುಂದೆ ಗೋಲ್‌ಕೀಪರ್ ಒಬ್ಬಳೇ. ನಾನು ಎಡಕ್ಕೆ ಭುಜ ವಾಲಿಸಿದೆ. ಅವಳ ಭಾರ ಆ ಕಡೆಯ ಕಾಲಿಗೆ ಬಿದ್ದದ್ದು ಸ್ಪಷ್ಟವಾಗಿ ಕಂಡಿತು. ಚೆಂಡನ್ನು ಬಲಕ್ಕೆ ನೂಕಿದೆ, ಮೆಲ್ಲಗೆ. ಬಲೆ ಅಲುಗಾಡಿತು.

ಆಮೇಲಿನದು ಪೂರ್ತಿ ನೆನಪಿಲ್ಲ. ಐದಾರು ಜನ ನನ್ನ ಮೇಲೆ ಬಿದ್ದಿದ್ದರು, ಯಾರದೋ ಹೆಲ್ಮೆಟ್ ಮೂಗಿಗೆ ತಾಗಿ ರಕ್ತ ಬಂದಿತ್ತು, ನಾನು ನಗುತ್ತಿದ್ದೆ.

ಸಂಜೆ ರಾಜ್ಯ ತಂಡದ ಪಟ್ಟಿಯನ್ನು ಮೈಕಿನಲ್ಲಿ ಓದಿದರು. ಅದರಲ್ಲಿ ನನ್ನ ಹೆಸರಿತ್ತು. ಅಪ್ಪ ನನ್ನ ಕಡೆ ನೋಡಲಿಲ್ಲ. ಸೀದಾ ಮೇಡಂ ಹತ್ತಿರ ಹೋಗಿ, "ಮುಂದಿನ ಆಟ ಯಾವೂರಾಗೈತ್ರಿ ಮೇಡಂ? ನಾನೂ ಬರಬೋದಾ?" ಎಂದು ಕೇಳಿದ.