ಅಂಟಿನ ಕೋಣೆಯ ಪ್ರಬಂಧ

ಬೂಟು ಕಾರ್ಖಾನೆಯ ಅಂಟಿನ ಕೋಣೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಮೇಸ್ತ್ರಿಯಿಂದ ಹಿಡಿದು ನಿನ್ನೆ ಮೊನ್ನೆ ಸೇರಿದ ಹುಡುಗಿಯವರೆಗೆ ಎಲ್ಲರಿಗೂ ಅವಳು ದೊಡ್ಡಕ್ಕ. ತಲೆ ಸುತ್ತಿದರೆ ದೊಡ್ಡಕ್ಕ, ಮೇಸ್ತ್ರಿ ಜೊತೆ ಜಗಳಕ್ಕೆ ದೊಡ್ಡಕ್ಕ, ಗಂಡ ಹೆಂಡಿರ ರಾಜಿಗೂ ದೊಡ್ಡಕ್ಕ. ತಾಯಿ ಸತ್ತಾಗ ಇನ್ನೂ ತೊದಲು ಮಾತಾಡುತ್ತಿದ್ದ ತಂಗಿಯನ್ನು ಸೊಂಟಕ್ಕೇರಿಸಿಕೊಂಡವಳು, ಸಾಕಿ ಸಾಕಿ ಲೋಕವನ್ನೆಲ್ಲ ಸಾಕುವ ಚಟ ಹತ್ತಿಸಿಕೊಂಡುಬಿಟ್ಟಿದ್ದಳು.

ಆ ತಂಗಿ ಎಡಗೈಯಲ್ಲಿ ಬ್ರಷ್ ಹಿಡಿಯುತ್ತಿದ್ದಳಲ್ಲ, ಅವಳಿಗೆ ಎಡಚಿ ಅಂತಲೇ ಹೆಸರಾಯಿತು. ಅಕ್ಕನ ಪಕ್ಕದಲ್ಲೇ ಕೂತು ಅಟ್ಟೆಗೆ ಅಂಟು ಬಳಿಯುವುದು ಅವಳ ಕೆಲಸ. ಕಿಟಕಿ ತೆರೆಯುವ ಹಾಗಿಲ್ಲ. ತೆರೆದರೆ ಧೂಳು ಬಂದು ಹಸಿ ಅಂಟಿಗೆ ಮೆತ್ತಿಕೊಳ್ಳುತ್ತದೆ, ಅಟ್ಟೆ ಸರಿಯಾಗಿ ಕೂರುವುದಿಲ್ಲ. ಬೂಟು ಚೆನ್ನಾಗಿರಬೇಕು ನೋಡಿ, ಬೂಟು ಮಾಡುವವರ ಮೂಗು ಯಾವ ಹಾಳುಬಾವಿಗೆ ಬಿದ್ದರೆ ಯಾರಿಗೇನು?

ಹಾಗೇ ವರ್ಷಗಳು ಕಳೆದವು. ಮೊದಮೊದಲು ಎಡಚಿಯ ಚಪ್ಪಲಿ ಕಾಲಿಂದ ಜಾರಿಹೋದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಒಂದೇ ಚಪ್ಪಲಿಯಲ್ಲಿ ಬಸ್ ಸ್ಟಾಪಿನವರೆಗೆ ನಡೆದುಬಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಮೆಟ್ಟಿಲಲ್ಲಿ ಬಿದ್ದಳು. ಆಮೇಲೊಂದು ದಿನ ಅಂಟು ಒಣಗಿಸುವ ಹೀಟರಿಗೆ ಪಾದ ತಗುಲಿ ಚರ್ಮ ಸುಟ್ಟ ವಾಸನೆ ಬಂದ ಮೇಲೆ ಬಗ್ಗಿ ನೋಡಿದಳು. ಅವತ್ತಿಂದ ಯಾರೂ ನಗಲಿಲ್ಲ. ಈಗ ಕಣ್ಣಲ್ಲಿ ನೋಡದೆ ಅವಳಿಗೆ ತನ್ನ ಕಾಲು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ, ಕೆಲಸವೂ ಹೋಯಿತು.

‘ವಂಶದಲ್ಲೇ ಇರಬೇಕು’ ಅಂದುಬಿಟ್ಟ ಕಾರ್ಖಾನೆಯ ಡಾಕ್ಟರು. ಕೆಲಸದಿಂದಲೇ ಬಂದ ರೋಗ ಅಂತ ಕಾರ್ಮಿಕ ಕಚೇರಿ ಒಪ್ಪಿದರೆ ಜೀವನಪೂರ್ತಿ ಚಿಕಿತ್ಸೆಯ ಹೊಣೆ ಕಾರ್ಖಾನೆಯದು. ಒಪ್ಪದಿದ್ದರೆ ಕೈಗೆ ಚಿಪ್ಪೇ ಗತಿ.

‘ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸಾರ್?’ ಅಂತ ದೊಡ್ಡಕ್ಕ ಅಧಿಕಾರಿಯ ಮೇಜಿನ ಮುಂದೆ ದನಿ ಏರಿಸಿದಳು.

‘ಇಲ್ಲಿ ಬೇಕಮ್ಮಾ,’ ಅಂದ ಅವನು. ‘ಈ ಅಂಟಿಂದ ಹೀಗಾಗುತ್ತೆ ಅಂತ ಯಾರಾದರೂ ಸಂಶೋಧನೆ ಮಾಡಿದ್ದರೆ ತನ್ನಿ.’

ಸಂಶೋಧನೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಅವಳಿಗೇನು ಗೊತ್ತು! ಸಾರ್ವಜನಿಕ ಗ್ರಂಥಾಲಯದಲ್ಲಿ ವಿಚಾರಿಸಿದಾಗ ಅಲ್ಲಿಯವರು ಗೋಡೆಯ ಚೀಟಿ ತೋರಿಸಿದರು. ಸಂಶೋಧನಾ ಪ್ರಬಂಧಗಳನ್ನು ಹುಡುಕುವುದು, ಬಳಸುವುದು ಹೇಗೆ: ಉಚಿತ ಆನ್‌ಲೈನ್ ತರಬೇತಿ, ಪ್ರತಿ ಭಾನುವಾರ. ಉಚಿತ ಅಂದರೆ ಏನೋ ಮೋಸ ಇರಬೇಕು ಅಂತ ಅನುಮಾನಪಡುತ್ತಲೇ ಸೇರಿಕೊಂಡಳು. ಮೊದಲ ಪಾಠದಲ್ಲಿ ಮೈಕ್ ಮುಚ್ಚುವುದು ತಿಳಿಯದೆ, ಪಕ್ಕದ ಮನೆಯವಳಿಗೆ ಅವಳು ಬೈದದ್ದು ಓದಿದವರ ಕಿವಿಗೆಲ್ಲ ಬಿತ್ತು. ಎಡಚಿ ಮಂಚದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ನಮ್ಮ ಪ್ರೊಫೆಸರಮ್ಮನ ಮೊದಲ ಭಾಷಣ!’

ಪಾಠ ಹೇಳುವ ಮೇಡಂ ಒಳ್ಳೆಯವಳು. ‘ತಂಗಿ ಕಾಲು ಯಾಕೆ ಹೀಗಾಯ್ತು ಅಂತ ಕೇಳಿದರೆ ಹುಡುಕೋ ವೆಬ್‌ಸೈಟು ಬಾಯಿ ಬಿಡಲ್ಲ. ಅಂಟಿನ ಡಬ್ಬಿ ಮೇಲೆ ಯಾವ ರಾಸಾಯನಿಕದ ಹೆಸರಿದೆ ನೋಡಿ, ಅದನ್ನ ಹಾಕಿ’ ಅಂದಳು. ಪ್ರಬಂಧ ಸಿಕ್ಕಿತು, ಆದರೆ ದುಡ್ಡು ಕೊಡದೆ ತೆರೆಯಲಿಲ್ಲ. ‘ಬರೆದವರಿಗೇ ಮೇಲ್ ಹಾಕಿ ಕೇಳಿ, ಎಷ್ಟೋ ಜನ ಕೊಡ್ತಾರೆ’ ಅಂದಳು ಮೇಡಂ. ಕೇಳಿದಳು. ಆ ಪುಣ್ಯಾತ್ಮರು ಕಳಿಸಿಯೂ ಕಳಿಸಿದರು.

ಫೋನು ಅನುವಾದಿಸಿಕೊಟ್ಟ ಸಾರಾಂಶ ಓದುತ್ತ ದೊಡ್ಡಕ್ಕನ ಕಣ್ಣು ತುಂಬಿಬಂತು. ಒಂದು ಬೂಟು ಕಾರ್ಖಾನೆಯ ಅಂಟಿನ ಕೋಣೆಯ ಹೆಂಗಸರನ್ನು ಪರೀಕ್ಷಿಸಿದ್ದರು. ಆ ಆವಿಯಿಂದ ಪಾದದ ನರ ಸಾಯುತ್ತದೆ. ಶುರುವಿನಲ್ಲೇ ಬೇರೆ ಕೆಲಸಕ್ಕೆ ಹಾಕಿದರೆ ಬಹುತೇಕರು ಸರಿಹೋಗುತ್ತಾರೆ, ತಡವಾದರೆ ಇಲ್ಲ. ಗೆದ್ದೆವು ಕಣೇ ಅಂತ ಕೂಗಿಬಿಡುತ್ತಿದ್ದಳು. ಆದರೆ ಮೇಡಂ ಪ್ರತಿ ವಾರ ಹೇಳುತ್ತಿದ್ದ ಮಾತು ಅಡ್ಡ ಬಂತು: ಸಾರಾಂಶ ಓದಿ ಕುಣಿಯಬೇಡಿ, ಕೋಷ್ಟಕ ನೋಡಿ.

ನೋಡಿದಳು. ಮುಚ್ಚಿದ ಕಿಟಕಿ, ಬೆಂಚುಗಳ ಸಾಲು, ಪರೀಕ್ಷೆ ನಡೆದ ವರ್ಷ, ಎಲ್ಲವೂ ತಮ್ಮದೇ. ಅಯ್ಯೋ, ಇದು ನಾವೇ! ಹೆಸರಿನ ಬದಲು ಅಂಕಿ ಹಾಕಿದ್ದರು. ಎಲ್ಲರಿಗಿಂತ ಚಿಕ್ಕವಳ ಸಾಲಿನಲ್ಲಿ, ಅಂಟಿನ ಕೆಲಸ ಐದು ವರ್ಷ, ಬಳಸುವ ಕೈ ಎಡ, ಪಾದದ ಸಂವೇದನೆ ಸಹಜ ಅಂತಿತ್ತು.

ಆ ಪರೀಕ್ಷೆ ಅವಳಿಗೆ ನೆನಪಿತ್ತು. ವರ್ಷಗಳ ಹಿಂದೆ ಯಾರೋ ಡಾಕ್ಟರುಗಳು ಬಂದಿದ್ದರು. ಕಣ್ಣು ಮುಚ್ಚಿಸಿ ಕಾಲ್ಬೆರಳು ಎತ್ತಿ ಇಳಿಸಿ, ಮೇಲಿದೆಯೋ ಕೆಳಗಿದೆಯೋ ಹೇಳಿ ಅಂದಿದ್ದರು. ತಪ್ಪು ಹೇಳಿದವರನ್ನು ಮನೆಗೆ ಕಳಿಸುತ್ತಾರಂತೆ ಅಂತ ಕೋಣೆಯಲ್ಲೆಲ್ಲ ಗುಸುಗುಸು. ಎಡಚಿ ತಡವರಿಸಿದಳು. ಹಿಂದೆ ನಿಂತು ಧೈರ್ಯ ಹೇಳುವ ನೆಪದಲ್ಲಿ ಅವಳ ಹೆಗಲು ಹಿಡಿದಿದ್ದ ದೊಡ್ಡಕ್ಕ, ಮೇಲೆ ಅಂದರೆ ಬಲ ಹೆಗಲು, ಕೆಳಗೆ ಅಂದರೆ ಎಡ ಹೆಗಲು ಒತ್ತಿದಳು. ಜಾಣೆ ತಂಗಿಗೆ ಅಷ್ಟು ಸಾಕಾಯಿತು, ಎಲ್ಲವನ್ನೂ ಸರಿಯಾಗಿ ಹೇಳಿದಳು. ತಪ್ಪು ಹೇಳಿದವರನ್ನು ಕಡಿಮೆ ಸಂಬಳದ ಪ್ಯಾಕಿಂಗಿಗೆ ಹಾಕಿದಾಗ ದೊಡ್ಡಕ್ಕ ಅವರಿಗಾಗಿ ಮರುಗಿದ್ದಳು. ಆ ಹೆಂಗಸರು ಇವತ್ತಿಗೂ ಓಡಿಹೋಗಿ ಬಸ್ಸು ಹತ್ತುತ್ತಾರೆ.

ತಂಗಿಗೆ ಹೇಳಲು ನಾಲಿಗೆ ಏಳಲಿಲ್ಲ. ಕೋಣೆಯ ಇನ್ನೂ ನಾಲ್ಕೈದು ಜನಕ್ಕೆ ಪಾದ ಜೋಮು ಹಿಡಿಯಲು ಶುರುವಾಗಿತ್ತು, ಪ್ರಬಂಧ ಮುಚ್ಚಿಡುವುದು ಹೇಗೆ? ವಿಚಾರಣೆಯ ದಿನ ತಂಗಿಯನ್ನೂ ಕರೆದುಕೊಂಡು ಹೋಗಿ ಅದನ್ನು ಮೇಜಿನ ಮೇಲಿಟ್ಟಳು. ಅಧಿಕಾರಿ ನಿಧಾನವಾಗಿ ಓದಿ, ಇದು ಗಟ್ಟಿ ಪುರಾವೆ ಅಂದ. ಆ ನಾಲ್ಕೈದು ಜನರ ಅರ್ಜಿ ತೆಗೆದುಕೊಂಡ. ಕಾರ್ಖಾನೆಯ ವಕೀಲ ಮಾತ್ರ ಕೋಷ್ಟಕದ ಮೇಲೆ ಬೆರಳಿಟ್ಟ. ‘ಈ ಎಡಗೈ ಹುಡುಗಿಗೆ ಆಗ ಏನೂ ಇರಲಿಲ್ಲ. ಐದು ವರ್ಷ ಅದೇ ಅಂಟಲ್ಲಿದ್ದರೂ ಸಹಜ. ಅಂದಮೇಲೆ ಇದು ವಂಶದ್ದೇ.’

‘ಅವತ್ತು ಉತ್ತರ ಹೇಳಿಕೊಟ್ಟವಳು ನಾನು!’ ದೊಡ್ಡಕ್ಕ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟಳು.

ವಕೀಲ ನಕ್ಕ. ‘ತಂಗಿಗೋಸ್ಕರ ಅವತ್ತು ಸುಳ್ಳು ಹೇಳಿದೋರು ಇವತ್ತು ಹೇಳ್ತಿಲ್ಲ ಅಂತ ಏನಮ್ಮ ಗ್ಯಾರಂಟಿ? ಇದಕ್ಕೂ ಪ್ರಬಂಧ ಇದೆಯಾ?’

ಅಧಿಕಾರಿ ಕೆಟ್ಟವನೇನಲ್ಲ. ಅಚ್ಚಾದದ್ದನ್ನು ಬಿಟ್ಟು ಬಾಯಿಮಾತು ಹಿಡಿಯಲು ನನಗೆ ಬರಲ್ಲ ಅಂದ. ಎಡಚಿಯ ಅರ್ಜಿ ತಿರಸ್ಕಾರವಾಯಿತು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಅಕ್ಕ ತಂಗಿ ಕೂತರು.

‘ಅಕ್ಕಾ, ಹೇಳಿಕೊಡು ಅಂತ ನಾನು ಕೇಳಿದ್ನಾ?’

‘ಇಲ್ಲ.’

‘ಗೊತ್ತಾಗ್ತಿಲ್ಲ ಡಾಕ್ಟ್ರೇ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು ಕಣೇ. ಅಷ್ಟು ಹೇಳಿದ್ರೆ ನನ್ನ ಕಾಲು ಉಳೀತಿತ್ತು. ನೀನು ಹೇಳಗೊಡಲಿಲ್ಲ.’

ದೊಡ್ಡಕ್ಕ ಎಬ್ಬಿಸಲು ಕೈ ಚಾಚಿದಳು.

‘ಮುಟ್ಟಬೇಡ,’ ಅಂದಳು ಎಡಚಿ. ಗೋಡೆ ಹಿಡಿದು ತಾನೇ ಎದ್ದು, ತಲೆ ಬಗ್ಗಿಸಿ ಪಾದಗಳನ್ನೇ ನೋಡಿಕೊಳ್ಳುತ್ತ, ಒಂದೊಂದೇ ಹೆಜ್ಜೆ ಇಟ್ಟು ಬಾಗಿಲ ಕಡೆ ಹೋದಳು.