ಬೆಳಗಿನ ರೈಲಿನ ಮಕ್ಕಳು

ಚಿನ್ನದ ಗಣಿಯ ಊರು ಕೋರಮಂಡಲ್‌ನಲ್ಲಿ ಕಾಂತಮ್ಮನ ಮಕ್ಕಳಮನೆ ಸೂರ್ಯನಿಗಿಂತ ಮೊದಲು ಏಳುತ್ತದೆ. ಗಣಿ ಮುಚ್ಚಿದ ಮೇಲೆ ಕಾರ್ಮಿಕರ ಲೈನು ಮನೆಗಳ ಹೆಂಗಸರು ಬೆಂಗಳೂರಿನ ಕೆಲಸಕ್ಕೆ ನಸುಕಿನ ರೈಲು ಹಿಡಿಯತೊಡಗಿದರು. ಗಂಡನ ಶಿಫ್ಟಿನ ಸೈರನ್ನಿಗೆ ಏಳುತ್ತಿದ್ದ ಕಾಂತಮ್ಮನಿಗೆ ಸೈರನ್ ನಿಂತರೂ ಆ ಹೊತ್ತಿಗೆ ಎಚ್ಚರವಾಗುವುದು ತಪ್ಪಲಿಲ್ಲ. ಎದ್ದು ಸುಮ್ಮನೆ ಕೂರುವುದೇಕೆಂದು ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡಳು. ಹಾಗೆ ಶುರುವಾಯಿತು.

ಈಗ ಮಕ್ಕಳ ಹಾಲಿಗೆ ಜರ್ಮನಿಯ ಒಂದು ಚರ್ಚು ಹಣ ಕಳಿಸುತ್ತದೆ. ಬಾಡಿಗೆ, ಸಂಬಳ ಹಾಲೆಂಡಿನ ಒಂದು ಸಂಸ್ಥೆಯದು. ಅವರಿಗೆ ಯಾವ ದೇವರ ಸಹವಾಸವೂ ಬೇಡ. ಈ ಸಲ ಎರಡೂ ಕಡೆಯವರು ನೋಡಲು ಬರುವವರಿದ್ದರು. ಒಬ್ಬರು ಕೈಬಿಟ್ಟರೂ ನಸುಕಿನ ಪಾಳಿ ನಿಲ್ಲುತ್ತಿತ್ತು. ಬಿಸಿಲೇರಿದ ಮೇಲೆ ಬಾಗಿಲು ತೆರೆದರೆ ರೈಲಿನ ತಾಯಂದಿರಿಗೆ ಏನು ಉಪಯೋಗ?

“ಅತ್ತೆ, ಬುಧವಾರ ಹಾಲೆಂಡಿನೋರು, ಗೋಡೆ ಮ್ಯಾಲೆ ದೇವ್ರಿರಬಾರ್ದು. ಗುರುವಾರ ಚರ್ಚಿನೋರು, ಅವತ್ತು ಒಂದು ಶಿಲುಬೆ ಇರ್ಲಿ,” ಎಂದ ಮಕ್ಕಳಮನೆಯ ಮೇಲ್ವಿಚಾರಕ ನವನೀತ್.

“ದೇವ್ರಿಗೂ ಶಿಫ್ಟು ಆಕ್ಬುಟ್ಯಾ? ಸರಿ ಕಣ್ಲಾ.”

ತಾಯಂದಿರು ತಂದು ತೂಗುಹಾಕಿದ್ದ ಮುರುಗನ್, ವೇಳಾಂಗಣ್ಣಿ ಮಾತೆ, ಮೆಕ್ಕಾ ಮೂರು ಪಟಗಳನ್ನೂ ಕಾಂತಮ್ಮ ಇಳಿಸಿ ಅಕ್ಕಿಡಬ್ಬದ ಹಿಂದಿಟ್ಟಳು.

ಆದರೆ ಬಂಗಾರಪೇಟೆಯ ಒಂದೇ ಲಾಡ್ಜಿನಲ್ಲಿ ಇಳಿದಿದ್ದ ಅತಿಥಿಗಳು ಒಂದೇ ಕಾರಿನಲ್ಲಿ ಬುಧವಾರ ನಸುಕಿಗೇ ಬಂದಿಳಿದರು: ಹಾಲೆಂಡಿನ ಪೀಟರ್, ಚರ್ಚಿನ ಹಿಲ್ಡೆ. ಮಸಿ ಹಿಡಿದ ಗೋಡೆಯಲ್ಲಿ ಮೂರು ಬಿಳಿ ಚೌಕಗಳು ಎದ್ದು ಕಾಣುತ್ತಿದ್ದವು. ಇಲ್ಲೇನಿತ್ತು ಎಂದು ಪೀಟರ್ ಕೇಳಿದ. ನವನೀತ್ ಕಾಂತಮ್ಮನ ಮುಖ ನೋಡಿದ.

“ಇದ್ದಿದ್ದನ್ನ ಇದ್ದಂಗೆ ಏಳ್ಬುಡೋ,” ಎಂದಳು ಕಾಂತಮ್ಮ. “ಇವರಿಗೋಸ್ಕರ ಇಳ್ಸಿವ್ನಿ, ಆಯಮ್ಮನಿಗೋಸ್ಕರ ನಾಳೆ ಏರ್ಸೋಳಿದ್ದೆ.”

ನವನೀತ್ ತರ್ಜುಮೆ ಮುಗಿಸುವ ಮೊದಲೇ ತಾಯಂದಿರು ನುಗ್ಗಿದರು. ವನಿತಾ ಕೂಸನ್ನು ಕಾಂತಮ್ಮನ ತೋಳಿಗಿಟ್ಟು “ಮುರುಗಾ, ಪಾತ್ತುಕ್ಕೋಪ್ಪಾ” ಎಂದು ತಮಿಳಿನಲ್ಲಿ ಅದನ್ನು ದೇವರಿಗೆ ಒಪ್ಪಿಸಿ, ಗಲ್ಲ ಸವರಿ ಓಡಿದಳು. ಹಿಂದಿನವಳು ಮಗುವಿನ ಹಣೆಗೆ ಶಿಲುಬೆ ಗೀರಿದಳು, ಇನ್ನೊಬ್ಬಳು ಏನೋ ಓದಿ ನೆತ್ತಿಗೆ ಊದಿದಳು. ಎಲ್ಲರ ಕಣ್ಣೂ ಸ್ಟೇಷನ್ ಕಡೆಗೇ.

ಈ ಪ್ರಾರ್ಥನೆ ಕಾರ್ಯಕ್ರಮದ ಭಾಗವೇ ಎಂದ ಪೀಟರ್.

“ನಮ್ದಲ್ಲಪ್ಪ. ಮಕ್ಳನ್ನ ಬುಟ್ಟು ಓಗೋ ತಾಯಿ ಆಕ್ಕೊಂಡು ಓಗೋ ಬೀಗ ಅದು.”

ಹಾಗಾದರೆ ನೀವು ಯಾವಾಗ ಪ್ರಾರ್ಥಿಸುತ್ತೀರಿ ಎಂದಳು ಹಿಲ್ಡೆ.

“ನಂಗೆಲ್ಲಮ್ಮ ಪುರ್ಸೊತ್ತು? ಎಲ್ಡು ಕೈಯಾಗೂ ಮಕ್ಳವೆ!”

ಅಷ್ಟರಲ್ಲಿ ಮೂರನೆಯದೊಂದು ಕಿರುಚಿತು. ಕಾಂತಮ್ಮ ವನಿತಾಳ ಕೂಸನ್ನು ಪೀಟರನ ಎದೆಗೆ ಒರಗಿಸಿ, ಹಿಲ್ಡೆಗೆ ಒಲೆ ತೋರಿಸಿದಳು. ಹಾಲು ಕಾಯುವವರೆಗೂ ಇಬ್ಬರೂ ಅಡುಗೆಮನೆಯಲ್ಲಿ ತಮ್ಮ ಇಂಗ್ಲಿಷಿನಲ್ಲಿ ವಾದಿಸಿದರು. ಹಿಲ್ಡೆಗೆ ದಾನಕ್ಕೆ ಕಾರಣ ದೇವರು. ಪೀಟರನಿಗೆ ಅದು ದಾನವೇ ಅಲ್ಲ, ಮಕ್ಕಳ ಹಕ್ಕು. ಹಾಲು ಉಕ್ಕಿದಾಗ ಮಾತ್ರ ಒಟ್ಟಿಗೆ ಕೂಗಿದರು.

ಕೊನೆಗೆ ನವನೀತ್ ಅಡುಗೆಮನೆಯಿಂದ ಕಾಂತಮ್ಮನ ಬಳಿಗೆ ಓಡಿಬಂದ. “ಅತ್ತೆ! ಇಬ್ರೂ ಒಪ್ಪವ್ರೆ! ದುಡ್ಡು ನಿಲ್ಸಲ್ವಂತೆ, ಪಾಳಿ ನಿಲ್ಲಲ್ಲ. ಗೋಡೆ ಮ್ಯಾಲೆ ಏನಿರಬೇಕೂಂತ ತಾಯಂದ್ರೇ ಏಳ್ಲಿ ಅಂತವ್ರೆ!”

ಅಡುಗೆಮನೆಯ ಬಾಗಿಲಲ್ಲಿ ಪೀಟರನ ಹೆಗಲ ಮೇಲೆ ಕೂಸು ಬಾಯಿ ತೆರೆದು ನಿದ್ದೆಹೋಗಿತ್ತು. ಅವನ ಅಂಗಿ ಒದ್ದೆಯಾಗಿತ್ತು. ಅವನು ಅಲುಗದೆ ನಿಂತಿದ್ದ.

“ಮೆಲ್ಲಗ್ ಮಾತಾಡ್ಲಾ,” ಕಾಂತಮ್ಮ ಗದರಿದಳು, ನಗುತ್ತಲೇ. “ಈಗಿನ್ನೂ ಮಲಗವ್ಳೆ.”